ಒತ್ತಿದರೆ ಹೊನ್ನಾಗುವ ಕಪ್ಪು ಹರಳು

ಸಮೇರಿಯಂ ಸಲ್ಫೈಡ್ ಕಪ್ಪು ಬಣ್ಣದ ಅರೆವಾಹಕ. ವಾತಾವರಣದ ಒತ್ತಡದ ಸುಮಾರು 6,500 ಪಟ್ಟು ಒತ್ತಡ ಬಿದ್ದ ಕೂಡಲೇ ಅದು ಹೊಂಬಣ್ಣದ ಲೋಹವಾಗುತ್ತದೆ. ಒತ್ತಡ ಇಳಿಸಿದರೆ ಮತ್ತೆ ಕಪ್ಪು. ಹರಳಿನ ಮೈಯನ್ನು ಉಜ್ಜಿ ನಯಗೊಳಿಸಿದರೂ ಸಾಕು, ಮೇಲ್ಪದರ ಹೊನ್ನಿನಂತೆ ಹೊಳೆಯುತ್ತದೆ. 1970ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಇದನ್ನು ವರದಿ ಮಾಡಿದ ತಂಡದಲ್ಲಿದ್ದ ಎ. ಜಯರಾಮನ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಪಳಗಿದವರು. ನಮ್ಮ ಪಠ್ಯಪುಸ್ತಕಗಳಲ್ಲಿ ಜಯರಾಮನ್ ಹೆಸರು ಇರಲೇಬೇಕು.

ಒತ್ತಡದಿಂದ ಪರಮಾಣುಗಳು ಹತ್ತಿರ ಸರಿದಾಗ ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರವೇ ಬದಲಾಗುತ್ತದೆ. ಸಮೇರಿಯಂ ಸಲ್ಫೈಡ್‌ನಲ್ಲಿ ಅದು ಮುಚ್ಚಿಹೋದರೆ, ಗ್ಯಾಲಿಯಂ ಆರ್ಸೆನೈಡ್ ಎಂಬ ಇನ್ನೊಂದು ಅರೆವಾಹಕದಲ್ಲಿ ಹಿಗ್ಗುತ್ತದೆ. ಆಗ ಅದರಿಂದ ಹೊಮ್ಮುವ ಬೆಳಕು ಅವಕೆಂಪಿನಿಂದ ಕೆಂಪಿನತ್ತ ಸರಿದು, 4 ಗಿಗಾಪಾಸ್ಕಲ್ ಆಸುಪಾಸಿನಲ್ಲಿ ಮಂಕಾಗುತ್ತದೆ.

ಎರಡು ವಜ್ರಗಳ ತುದಿಯ ನಡುವೆ ಹರಳನ್ನು ಹಿಂಡುವ, ಅಂಗೈಯಲ್ಲಿ ಹಿಡಿಸುವ ಸಾಧನದಿಂದ ಇಂಥದ್ದನ್ನು ಕಣ್ಣಾರೆ ನೋಡಬಹುದು. ವಜ್ರ ಪಾರದರ್ಶಕ ತಾನೆ. ಈ ಸಾಧನ ದೊಡ್ಡ ಸಂಸ್ಥೆಗಳ ಗೋಡೆಯೊಳಗೇ ಉಳಿಯಬಾರದು. ವಯನಾಡಿನಲ್ಲೂ ಗಡಿಯ ಈಚೆ ಗುಂಡ್ಲುಪೇಟೆ, ಎಚ್.ಡಿ. ಕೋಟೆಯಲ್ಲೂ ಭೌತವಿಜ್ಞಾನ ಓದುವ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಎಟಕುವಂತೆ, ಕೇರಳ, ಕರ್ನಾಟಕ ಎರಡೂ ಸರ್ಕಾರಗಳು ಸಂಚಾರಿ ಪ್ರಯೋಗಾಲಯಕ್ಕೆ ಹಣ ತೆಗೆದಿಡಲಿ.