ಮೊಬೈಲಿನಲ್ಲಿ ಗಣಿತ ಬರುವುದಿಲ್ಲವೆ?

ಹಂದನಕೆರೆ ಹೋಬಳಿಯ ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಮಾತು: ಮಗನಿಗೆ, ಮಗಳಿಗೆ ಯಾವ ಕಾಂಬಿನೇಷನ್ ಕೊಡಿಸುವುದು? ಗಣಿತದಲ್ಲಿ ಅಂಕ ಕಡಿಮೆ ಬಂದಿದ್ದರೆ ಈ ಮಾತು ಬೇಗ ಮುಗಿಯುತ್ತದೆ. ‘ಸೈನ್ಸ್ ತಂಟೆ ಬೇಡ, ಕಾಮರ್ಸ್‌ಗೆ ಹಾಕಿ, ಅದರಲ್ಲೂ ಮ್ಯಾಥ್ಸ್ ಇಲ್ಲದ್ದು ನೋಡಿ’ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಹುಡುಗಿ ಎಚ್‌ಇಬಿಎಗೆ ಸೇರುತ್ತಾಳೆ, ಇಲ್ಲವೇ ಕಲಾ ವಿಭಾಗಕ್ಕೆ. ವಿಜ್ಞಾನ ವಿಭಾಗ ಬೇಕೆಂದರೆ ತಿಪಟೂರಿಗೋ ಚಿಕ್ಕನಾಯಕನಹಳ್ಳಿಗೋ ದಿನಾ ಬಸ್ಸು ಹತ್ತಬೇಕಾದ ಮನೆಗಳಲ್ಲಿ, ಅಂಕ ಚೆನ್ನಾಗಿ ಬಂದ ಮಕ್ಕಳದೂ ಇದೇ ದಾರಿಯಾಗುವುದುಂಟು. ಹದಿನಾರರ ವಯಸ್ಸಿನಲ್ಲಿ ಅರ್ಜಿಯಲ್ಲಿ ಹಾಕಿದ ಒಂದು ಗುರುತಿನಿಂದ ಗಣಿತದ ಜೊತೆಗಿನ ಸಂಬಂಧ ಜೀವಮಾನಕ್ಕೆ ಕಡಿದುಹೋಗುತ್ತದೆ.

ನಾಲ್ಕು ವರ್ಷ ಕಳೆದ ಮೇಲೆ ಅದೇ ಹುಡುಗಿಗೆ ಕಂಪ್ಯೂಟರಿನ, ಅಂಕಿಅಂಶದ, ಬ್ಯಾಂಕಿಂಗ್‌ನ ಕೆಲಸಗಳ ವಿಷಯ ತಿಳಿಯುತ್ತದೆ. ಎಲ್ಲಿ ನೋಡಿದರೂ ಗಣಿತ ಬೇಕು. ಆಗ ಯಾರೋ ಆನ್‌ಲೈನ್ ಕೋರ್ಸಿನ ಮಾತೆತ್ತುತ್ತಾರೆ. ಮನೆಯವರು, ಕೆಲವು ಅಧ್ಯಾಪಕರೂ ಸಹ, ‘ಮೊಬೈಲಲ್ಲಿ ಲೆಕ್ಕ ಬರುತ್ತೇನಮ್ಮ? ಕ್ಲಾಸಲ್ಲಿ ಕೂತು ಕಲಿತವರಿಗೇ ಬರಲಿಲ್ಲ’ ಎನ್ನುತ್ತಾರೆ. ಈ ಮಾತನ್ನು ಹೇಳುವವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೂ ಇದನ್ನು ಒಪ್ಪಲಾರೆ.

ಅಪನಂಬಿಕೆ ಎಲ್ಲಿಂದ ಬಂತೆಂಬುದು ಎಲ್ಲರಿಗೂ ಗೊತ್ತು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ವಾಟ್ಸ್ಆ್ಯಪ್‌ನಲ್ಲಿ ನೋಟ್ಸ್ ಬಂತು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲು, ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತಿತ್ತು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ ಎಲ್ಲರೂ ಪಾಸಾದರು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ ನಡೆಯಿತು. ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಒಂದೇ ದಿನ ಆಯ್ಕೆಯ ಉತ್ತರಗಳಿಗೆ ಗುರುತು ಹಾಕಿ ಬರೆದರು. ಆಗ ಕಲಿಕೆ ಸೋತದ್ದು ನಿಜ. ಆದರೆ ಅದು ಆನ್‌ಲೈನ್ ಕೋರ್ಸ್ ಆಗಿರಲಿಲ್ಲ. ಪಾಠ ಬಿತ್ತರವಾಗುತ್ತಿತ್ತು, ಅಷ್ಟೆ. ಕೇಳಿದ ಮಗು ಲೆಕ್ಕ ಮಾಡಿತೇ, ಮಾಡಿದ್ದು ಸರಿಯೇ, ತಪ್ಪಿದ್ದರೆ ಎಲ್ಲಿ ತಪ್ಪಿತು ಎಂದು ನೋಡುವ ಏರ್ಪಾಟು ಇರಲಿಲ್ಲ. ಆ ಏರ್ಪಾಟು ಇರುವ ಕೋರ್ಸನ್ನೂ ಇಲ್ಲದ ಪಾಠವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಏರ್ಪಾಟು ಇರುವುದಕ್ಕೆ ಒಂದು ಉದಾಹರಣೆ ನಮ್ಮ ಎದುರಿಗೇ ಇದೆ. ಮದರಾಸಿನ ಐಐಟಿ 2020ರ ಜೂನ್ ಕೊನೆಯಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಪದವಿಯೊಂದನ್ನು ಆರಂಭಿಸಿತು. ಇದಕ್ಕೆ ಸೇರಲು ಜೆಇಇ ಬೇಕಿಲ್ಲ. ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿ, ಪಿಯುಸಿ ಯಾವ ವಿಭಾಗದಲ್ಲಿ ಪಾಸಾಗಿದ್ದರೂ ಅರ್ಜಿ ಹಾಕಬಹುದು. ಅಂದರೆ ಎಚ್‌ಇಬಿಎ ಓದಿದ ಹುಡುಗಿಗೂ ಅವಕಾಶ ಉಂಟು. ಪದವಿಗೆ ಪ್ರವೇಶ ಸಿಗುವ ಮೊದಲು ನಾಲ್ಕು ವಾರದ ಅರ್ಹತಾ ಹಂತವಿದೆ. ನಾಲ್ಕು ವಿಷಯ, ವಾರವಾರವೂ ಪಾಠ, ವಾರವಾರವೂ ಅಸೈನ್‌ಮೆಂಟ್. ಅವುಗಳಲ್ಲಿ ನಿಗದಿತ ಅಂಕ ಬಂದವರು ಮಾತ್ರ ಪರೀಕ್ಷೆಗೆ ಕೂರಬಹುದು. ಆ ಪರೀಕ್ಷೆಯನ್ನು ಕೇಂದ್ರಕ್ಕೆ ಖುದ್ದಾಗಿ ಹೋಗಿ ಬರೆಯಬೇಕು.

ಈ ನಾಲ್ಕು ವಾರದಲ್ಲಿ ಗಣಿತವೆಂದು ಕಲಿಸುವುದು ಗಣಗಳು, ಸಂಬಂಧ ಮತ್ತು ಫಂಕ್ಷನ್, ನಿರ್ದೇಶಾಂಕಗಳು, ಸರಳರೇಖೆ, ವರ್ಗ ಸಮೀಕರಣ, ಬಹುಪದೋಕ್ತಿ. ಮುಂದಿನ ವಾರಗಳಲ್ಲಿ ಘಾತ, ಲಾಗರಿತಮ್. ಅಮೆರಿಕದ ಕಾಲೇಜುಗಳಲ್ಲಿ ಪ್ರೀಕ್ಯಾಲ್ಕುಲಸ್ ಎಂದು ಕರೆಯುವ ಪಾಠಗಳು ಹೆಚ್ಚು ಕಡಿಮೆ ಇವೇ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯ ಕೊನೆ ಮತ್ತು ಮೊದಲ ಪಿಯುಸಿಯ ನಡುವೆ ಹಂಚಿಹೋಗಿವೆ. ಇದನ್ನು ಕೇಳಿದವರು ಮತ್ತೆ ತಲೆ ಅಲ್ಲಾಡಿಸುತ್ತಾರೆ: ‘ಡಿಗ್ರಿ ಓದೋ ವಯಸ್ಸಿನಲ್ಲಿ ಹತ್ತನೇ ಕ್ಲಾಸಿನ ಗೆರೆ ಎಳೆಯೋದಾ?’

ಹೌದು, ಎಳೆಯಬೇಕು. ಏಕೆಂದರೆ ಆಗ ಎಳೆದದ್ದು ಅಂಕಕ್ಕಾಗಿ, ಯಾತಕ್ಕೆ ಎಳೆದೆವೆಂದು ತಿಳಿದಿರಲಿಲ್ಲ. ನಮ್ಮ ತೋಟದ ಲೆಕ್ಕವನ್ನೇ ನೋಡಿ. ಗುಂಟೆಗೆ 1,089 ಚದರ ಅಡಿ, 40 ಗುಂಟೆಯ ಎಕರೆಗೆ 43,560. ತೆಂಗಿನ ಗಿಡಗಳನ್ನು ಎರಡೂ ಕಡೆ 30 ಅಡಿಗೊಂದರಂತೆ ಇಟ್ಟರೆ ಒಂದು ಗಿಡಕ್ಕೆ 900 ಚದರ ಅಡಿ, ಎಕರೆಗೆ 48 ಗಿಡ. ಅಂತರವನ್ನು 25 ಅಡಿಗೆ ಇಳಿಸಿದರೆ ಹೆಚ್ಚುಕಡಿಮೆ 69. ಐದು ಅಡಿ ಕಡಿಮೆ ಮಾಡಿದ್ದಕ್ಕೆ 21 ಗಿಡ ಹೆಚ್ಚಾದವು. ಹಾಗಾದರೆ ಐದು ಅಡಿ ಹೆಚ್ಚು ಮಾಡಿ 35ಕ್ಕೆ ಇಟ್ಟರೆ 21 ಗಿಡ ಕಡಿಮೆಯಾಗಬೇಕಲ್ಲ? ಆಗುವುದಿಲ್ಲ. ಎಕರೆಗೆ 35 ಗಿಡ ಉಳಿಯುತ್ತದೆ, ಕಡಿಮೆಯಾದದ್ದು 13 ಮಾತ್ರ. ಬದಲಾಯಿಸಿದ್ದು ಅದೇ ಐದು ಅಡಿ, ಫಲ ಮಾತ್ರ ಬೇರೆ. ಅಡಿಯನ್ನು ಅಡ್ಡಗೆರೆಯ ಮೇಲೂ ಗಿಡಗಳ ಸಂಖ್ಯೆಯನ್ನು ಉದ್ದಗೆರೆಯ ಮೇಲೂ ಗುರುತಿಸಿ ಬಿಂದುಗಳನ್ನು ಸೇರಿಸಿದರೆ ನೇರ ಗೆರೆ ಬರುವುದಿಲ್ಲ, ಬಾಗಿದ ಗೆರೆ ಬರುತ್ತದೆ. ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಂದು ಅಳತೆ ಬದಲಾದರೆ ಅದನ್ನು ಅವಲಂಬಿಸಿದ ಇನ್ನೊಂದು ಹೇಗೆ ಬದಲಾಗುತ್ತದೆ ಎನ್ನುವುದು ಫಂಕ್ಷನ್. ಆ ಗೆರೆಯ ಇಳಿಜಾರು ಪ್ರತಿ ಬಿಂದುವಿನಲ್ಲೂ ಎಷ್ಟು ಎಂದು ಕೇಳಿದ ಕೂಡಲೇ ಕ್ಯಾಲ್ಕುಲಸ್ ಶುರುವಾಗುತ್ತದೆ.

ಈ ಬಾಗಿದ ಗೆರೆ ಕಣ್ಣಿಗೆ ಕಟ್ಟದೆ ಡೆರಿವೇಟಿವ್ ಸೂತ್ರಗಳನ್ನು ಉರುಹೊಡೆದವರು ನಮ್ಮಲ್ಲಿ ಬಹಳ ಜನ. ವಿಜ್ಞಾನ ಓದಿದವರಲ್ಲೂ ಇದ್ದಾರೆ. ಮೊದಲ ಪಿಯುಸಿಗೆ ರಾಜ್ಯಮಟ್ಟದ ಪಬ್ಲಿಕ್ ಪರೀಕ್ಷೆಯಿಲ್ಲ. ಆದ್ದರಿಂದ ಆ ವರ್ಷದ ಗಣಿತವನ್ನು ಬೇಗಬೇಗ ದಾಟಿಸಿ ಎರಡನೇ ವರ್ಷದ ಪಾಠಕ್ಕೂ ಸಿಇಟಿ ತಯಾರಿಗೂ ಹೋಗುವ ಅವಸರ ಎಲ್ಲರಿಗೂ ಇರುತ್ತದೆ. ಆ ಅವಸರಕ್ಕೆ ಕಾರಣಗಳಿವೆ, ಮೇಷ್ಟ್ರುಗಳನ್ನು ದೂರಲಾರೆ. ಅರವತ್ತು ಮಕ್ಕಳ ತರಗತಿಯನ್ನು ಒಬ್ಬಳಿಗೆ ಅರ್ಥವಾಗಲಿಲ್ಲವೆಂದು ನಿಲ್ಲಿಸಲಾಗದು. ಆ ಒಬ್ಬಳು ಎಲ್ಲಿ ನಿಂತಳೋ ಅಲ್ಲಿಂದಲೇ ಮತ್ತೆ ಹೊರಡಲು ಬಿಡುವುದು ರೆಕಾರ್ಡ್ ಮಾಡಿದ ಪಾಠದಿಂದ ಸಾಧ್ಯ.

ಇಲ್ಲಿ ಆನ್‌ಲೈನ್ ಪರವಾಗಿ ಮಾತಾಡುವವರ ಜೊತೆಗೂ ನನ್ನದೊಂದು ತಕರಾರಿದೆ. ‘ನಿಮ್ಮ ಬಿಡುವಿನಲ್ಲಿ, ನಿಮ್ಮ ವೇಗದಲ್ಲಿ ಕಲಿಯಿರಿ’ ಎಂದು ಅವರು ಕರೆಯುತ್ತಾರೆ. ಗಣಿತಕ್ಕೆ ಈ ಕರೆ ಅಷ್ಟು ಒಳ್ಳೆಯದಲ್ಲ. ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುತ್ತಿದ್ದರೆ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ಖಾಲಿ ಹಾಳೆಯ ಮುಂದೆ ಕೂತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಪೆನ್ನು ಹಿಡಿದು ಕೂರುವಂತೆ ಮಾಡುವುದು ಬಿಡುವಲ್ಲ, ಗಡುವು. ಅದರಲ್ಲೂ ಹಳ್ಳಿಯ ಮನೆಯಲ್ಲಿ ಓದುವ ಹುಡುಗಿಗೆ ಬಿಡುವು ಎಂಬುದು ತಾನಾಗಿ ಸಿಗುವುದಿಲ್ಲ. ಕಾಯಿ ಕೆಡವಿಸುವ ದಿನ, ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಒಡೆಸುವ ದಿನ, ಹಬ್ಬ, ನೆಂಟರು, ಹಸು ಕರು, ಎಲ್ಲವೂ ಅವಳ ಓದಿಗಿಂತ ಮುಂದೆ ಬರುತ್ತವೆ. ‘ಭಾನುವಾರ ರಾತ್ರಿಯೊಳಗೆ ಅಸೈನ್‌ಮೆಂಟ್ ಹೋಗಬೇಕು, ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸಲ್ಲ’ ಎಂದು ಅವಳು ಮನೆಯಲ್ಲಿ ಹೇಳುವಂತಿದ್ದರೆ ಮಾತ್ರ ಆ ಎರಡು ಗಂಟೆ ಅವಳದಾಗುತ್ತದೆ. ಹೊರಗಿನ ಗಡುವು ಅವಳ ಪರವಾಗಿ ಮನೆಯವರೊಡನೆ ವಾದ ಮಾಡುತ್ತದೆ. ಗಡುವು ಸಡಿಲಿಸಿ ಎಂದು ಕೇಳುವವರು ಇದನ್ನು ಯೋಚಿಸಬೇಕು.

ಪರೀಕ್ಷೆಯ ವಿಷಯಕ್ಕೂ ಇದೇ ಮಾತು. ‘ಪಾಠ ಮೊಬೈಲಿನಲ್ಲಿ, ಪರೀಕ್ಷೆಗೆ ಮಾತ್ರ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು, ಇದೆಂಥ ಆನ್‌ಲೈನು? ಹಳ್ಳಿಯವರಿಗೆ ಮಾಡಿದ ಅನ್ಯಾಯ’ ಎಂಬ ದೂರಿದೆ. ಖರ್ಚಿನ ಮಾತು ನಿಜ. ಹಂದನಕೆರೆಯಿಂದ ತಿಪಟೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು, ಸುಮಾರು 140 ಕಿಲೋಮೀಟರ್. ಮಗಳನ್ನು ಒಬ್ಬಳೇ ಕಳಿಸಲು ತಾಯಿ ಹಿಂಜರಿಯುತ್ತಾಳೆ, ಜೊತೆಗೊಬ್ಬರು ಹೋಗಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಆದರೂ ಪರೀಕ್ಷೆ ಮನೆಯಲ್ಲೇ ನಡೆಯಲಿ ಎಂದು ನಾನು ಕೇಳಲಾರೆ. 2024ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಇಳಿಕೆಗೆ ಬೇರೆ ಕಾರಣಗಳೂ ಇರಬಹುದು, ಆದರೆ ಕಣ್ಗಾವಲಿಲ್ಲದ ಪರೀಕ್ಷೆಯ ಅಂಕವನ್ನು ಯಾರೂ ನಂಬುವುದಿಲ್ಲ ಎಂಬ ಪಾಠ ಅದರಲ್ಲಿದೆ. ನಂಬಿಕೆ ಹೋದಾಗ ಮೊದಲು ಏಟು ಬೀಳುವುದು ಹಳ್ಳಿಯ ಮಗುವಿಗೆ. ದೊಡ್ಡ ಶಾಲೆಯ ಹೆಸರು, ಇಂಗ್ಲಿಷಿನ ಸರಾಗ, ಪರಿಚಯದವರ ಶಿಫಾರಸು ಯಾವುದೂ ಇಲ್ಲದ ಅವಳ ಕೈಯಲ್ಲಿರುವುದು ಆ ಅಂಕಪಟ್ಟಿ ಒಂದೇ. ನಗರದ ಮಗು ಕೂತ ಕೊಠಡಿಯಲ್ಲೇ, ಅದೇ ಕಾವಲಿನಲ್ಲಿ, ಅದೇ ಪ್ರಶ್ನೆಗೆ ಉತ್ತರಿಸಿ ಬಂದ ಅಂಕಕ್ಕೆ ಬೆಲೆ ಇರುತ್ತದೆ. ನಾವು ಕೇಳಬೇಕಾದ್ದು ಪರೀಕ್ಷಾ ಕೇಂದ್ರ ತಿಪಟೂರಿಗೆ ಬರಲಿ ಎಂದು. ಅಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಕಂಪ್ಯೂಟರ್ ಲ್ಯಾಬುಗಳಿವೆ.

ನನ್ನ ವಾದಕ್ಕೆ ಎದುರಾಗಿ ಗಟ್ಟಿಯಾದ ಸಾಕ್ಷಿಯೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಬಂದ ಲಕ್ಷಾಂತರ ವಿದ್ಯಾರ್ಥಿಗಳನ್ನು ‘ನಿಮಗೆ ಬುನಾದಿ ಸಾಲದು’ ಎಂದು ಕೆಳಹಂತದ ಗಣಿತಕ್ಕೆ ಕಳಿಸುತ್ತಿದ್ದರು. ಒಂದಾದ ಮೇಲೊಂದು ಕೋರ್ಸು ಮುಗಿಸಿ ಮೇಲೆ ಬರುವಷ್ಟರಲ್ಲಿ ಬಹಳಷ್ಟು ಮಂದಿ ಓದನ್ನೇ ಬಿಟ್ಟರು. 2017ರಲ್ಲಿ ಅಲ್ಲಿನ ಶಾಸನಸಭೆ ಎಬಿ 705 ಎಂಬ ಕಾನೂನು ತಂದು ವಿದ್ಯಾರ್ಥಿಗಳನ್ನು ಹಿಂದಕ್ಕೆ ತಳ್ಳುವುದಕ್ಕೆ ಕಡಿವಾಣ ಹಾಕಿತು. 2022ರ ಎಬಿ 1705 ಇನ್ನೂ ಮುಂದೆ ಹೋಯಿತು. ವಿಜ್ಞಾನ, ಎಂಜಿನಿಯರಿಂಗ್ ಬಯಸುವವರನ್ನು ಆದಷ್ಟು ನೇರವಾಗಿ ಕ್ಯಾಲ್ಕುಲಸ್‌ಗೇ ಸೇರಿಸಬೇಕೆಂಬ ದಿಕ್ಕಿಗೆ ಕಾಲೇಜುಗಳು ತಿರುಗಿದವು. ಹಾಗಾದರೆ ಹಿಂದಕ್ಕೆ ಹೋಗಿ ಕಲಿಯುವುದು ವ್ಯರ್ಥವೆ?

ನಾನು ಹಾಗೆ ಓದಿಕೊಳ್ಳುವುದಿಲ್ಲ. ಅಲ್ಲಿ ಕೆಡುಕು ಮಾಡಿದ್ದು ಒತ್ತಾಯ ಮತ್ತು ಉದ್ದ. ವಿದ್ಯಾರ್ಥಿಯ ಇಷ್ಟ ಕೇಳದೆ, ವರ್ಷಗಟ್ಟಲೆ ಎಳೆಯುವ ಸರಣಿಗೆ ಸೇರಿಸಿದರು. ನಾಲ್ಕು ವಾರ, ಹೆಚ್ಚೆಂದರೆ ಒಂದು ಅವಧಿ, ತಾನೇ ಬಯಸಿ ಕೂತು ಓದುವುದು ಬೇರೆ. ಅವರ ಸುಧಾರಣೆಯಲ್ಲಿ ಇನ್ನೊಂದು ಅಂಶವೂ ಇತ್ತು: ಮೇಲಿನ ಕೋರ್ಸಿಗೆ ಸೇರಿಸಿ ಸುಮ್ಮನೆ ಬಿಡಲಿಲ್ಲ, ಜೊತೆಜೊತೆಗೇ ಹೆಚ್ಚುವರಿ ಪಾಠ, ಪಕ್ಕದಲ್ಲಿ ಕೂತು ಹೇಳಿಕೊಡುವವರನ್ನು ಒದಗಿಸಿದರು. ಈ ಅಂಶವನ್ನು ನಾವು ಎರವಲು ತರಬೇಕು. ಆನ್‌ಲೈನ್ ಓದು ಸೋಲುವುದು ಬಹುಮಟ್ಟಿಗೆ ಒಂಟಿತನದಿಂದ. ರಾತ್ರಿ ಹತ್ತಕ್ಕೆ ಚಿಹ್ನೆಯೊಂದು ತಪ್ಪಿ ಉತ್ತರ ಬಾರದಿದ್ದಾಗ ‘ಇಲ್ಲಿ ಮೈನಸ್ ಬಿಟ್ಟಿದ್ದೀಯ ನೋಡು’ ಎನ್ನಲು ಒಬ್ಬರು ಇದ್ದಿದ್ದರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಿದ್ದರು.

ಇಂಗ್ಲಿಷಿನ ತೊಡಕು ಚಿಕ್ಕದಲ್ಲ. ಐಐಟಿಯ ಅರ್ಹತಾ ಹಂತದ ನಾಲ್ಕು ವಿಷಯಗಳಲ್ಲಿ ಇಂಗ್ಲಿಷೂ ಒಂದು, ಗಣಿತದ ಪಾಠವೂ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿದವರು ನೇರವಾಗಿ ಧುಮುಕುವುದು ಬೇಡ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಅವುಗಳ ಜೊತೆ ಎಸ್ಸೆಸ್ಸೆಲ್ಸಿಯ ಪಠ್ಯಪುಸ್ತಕ ಇಟ್ಟುಕೊಂಡು ಮೂರು ನಾಲ್ಕು ತಿಂಗಳು ಅಭ್ಯಾಸ ಮಾಡಿ, ಆಮೇಲೆ ಅರ್ಜಿ ಹಾಕುವುದು ಕ್ಷೇಮ. ಶುಲ್ಕವಿದೆ, ಪರಿಶಿಷ್ಟರಿಗೆ ಮತ್ತು ಕಡಿಮೆ ವರಮಾನದ ಕುಟುಂಬಗಳಿಗೆ ರಿಯಾಯಿತಿಯೂ ಇದೆ. ಪದವಿ ಬೇಡ, ಕಲಿತರೆ ಸಾಕು ಎನ್ನುವವರಿಗೆ ಕೇಂದ್ರ ಸರ್ಕಾರದ ‘ಸ್ವಯಂ’ ತಾಣವಿದೆ. ಅಲ್ಲಿ ಪಾಠಕ್ಕೆ ದುಡ್ಡು ಕೊಡಬೇಕಾಗಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು ಬಂದಿದೆ. ಹಂದನಕೆರೆಯಲ್ಲಿ, ಸುತ್ತಲ ಪಂಚಾಯಿತಿಗಳಲ್ಲಿ, ಶೆಟ್ಟಿಕೆರೆ, ಹುಳಿಯಾರು, ಕಂದಿಕೆರೆ ಹೋಬಳಿಗಳಲ್ಲಿ ಸಂಜೆ ಎರಡು ಗಂಟೆ ಆನ್‌ಲೈನ್ ಓದುವ ಮಕ್ಕಳಿಗೆಂದು ಕುರ್ಚಿ, ಕಂಪ್ಯೂಟರು, ಇಂಟರ್ನೆಟ್ ಮೀಸಲಿಡುವುದು ಪಂಚಾಯಿತಿಗೆ ಹೊರೆಯಾಗುವ ಕೆಲಸವಲ್ಲ. ಸದಸ್ಯರು ಮುಂದಿನ ಸಭೆಯಲ್ಲೇ ಇದನ್ನು ನಿರ್ಣಯ ಮಾಡಬಹುದು. ಈ ಭಾಗದಲ್ಲಿ ನೆಲೆಸಿರುವ ನಿವೃತ್ತ ಗಣಿತ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ವಾರಕ್ಕೊಂದು ಸಂಜೆ ಅಲ್ಲಿ ಬಂದು ಕೂರಿ. ನೀವು ಪಾಠ ಮಾಡಬೇಕಾಗಿಲ್ಲ, ಮಕ್ಕಳ ನೋಟ್‌ಬುಕ್ ನೋಡಿ ತಪ್ಪು ತೋರಿಸಿದರೆ ಸಾಕು.