ಅಜ್ಜನ ಕಾಗದ ಹೈದರಾಬಾದಿನಲ್ಲಿ, ಓದೋರು ಎಲ್ಲಿ?

2025ರ ಸೆಪ್ಟೆಂಬರ್ 2ರಂದು ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಮರಾಠವಾಡದ ಮರಾಠರಿಗೆ ಕುಣಬಿ ಪ್ರಮಾಣಪತ್ರ ಕೊಡುವಾಗ ನಿಜಾಮರ ಕಾಲದ ‘ಹೈದರಾಬಾದ್ ಗೆಜೆಟ್’ ಅನ್ನು ಆಧಾರವಾಗಿ ನೋಡಬೇಕು ಅಂತ. ಅದಕ್ಕೂ ಮೊದಲು, 2023ರಲ್ಲಿ ನೇಮಕವಾದ ನ್ಯಾ. ಸಂದೀಪ್ ಶಿಂದೆ ಸಮಿತಿ ಉರ್ದು ಮತ್ತು ಮೋಡಿ ಲಿಪಿಯ ಹಳೇ ದಾಖಲೆಗಳನ್ನು ಜಾಲಾಡಿತ್ತು. ಆ ಮೀಸಲಾತಿ ಬೇಡಿಕೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಆದರೆ ದೂಳು ಹಿಡಿದ ಕಾಗದ ಒಂದು ಸರ್ಕಾರವನ್ನೇ ಮಣಿಸಬಲ್ಲದು ಅನ್ನೋದು ಅಲ್ಲಿ ಸಾಬೀತಾಯಿತು.

ಅದೇ ನಿಜಾಮರ ಆಡಳಿತದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕೂಡ ಇದ್ದವು. ನಮ್ಮ ಕಾಗದದ ಕಥೆ ಏನು?

ಈ ನೆಲ ಕೈ ಬದಲಾಯಿಸಿದಷ್ಟೂ ಕಾಗದ ಚದುರಿದೆ. ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಲಿತ್ತು, ಆಮೇಲೆ ಮತ್ತೆ ನಿಜಾಮರಿಗೆ. ಲಿಂಗಸುಗೂರು 1905ರವರೆಗೆ ಜಿಲ್ಲಾ ಕೇಂದ್ರವೇ ಆಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಜನ ಬಂದರು, ಸಂಸ್ಥಾನದ ಕೇಂದ್ರ ಕಚೇರಿಗಳ ದಫ್ತರ ಬರಲಿಲ್ಲ. ಅದು ಇವತ್ತು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದ ಸ್ವತ್ತು. ಹಳೆಯದು ಫಾರ್ಸಿಯಲ್ಲಿ, 1880ರ ದಶಕದಿಂದ ಈಚಿನದು ಉರ್ದುವಿನಲ್ಲಿ. ಊರ ಜಮೀನಿನ ಲೆಕ್ಕ ಉಳಿದದ್ದು ತಾಲೂಕು, ಜಿಲ್ಲಾ ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ. ಹೊಸ ತಾಲೂಕಾದ ಮಸ್ಕಿಯ ಹಳ್ಳಿಗಳಂತೂ ಲಿಂಗಸುಗೂರು, ಸಿಂಧನೂರು, ಮಾನ್ವಿಯಿಂದ ಬಂದವು. ಹಳೇ ಕಡತ ಬೇಕೆಂದರೆ ಯಾವ ಬಾಗಿಲು ತಟ್ಟಬೇಕು ಅನ್ನೋದೇ ಮೊದಲ ಪ್ರಶ್ನೆ.

ಇದು ಬರೀ ಇತಿಹಾಸಕಾರರ ತಲೆನೋವಲ್ಲ. 1949ರಲ್ಲಿ ಹೈದರಾಬಾದ್ ರಾಜ್ಯ ಜಾಗೀರುಗಳನ್ನು ರದ್ದು ಮಾಡಿತು. 1950ರ ಗೇಣಿ ಕಾಯ್ದೆ ಉಳುವವರನ್ನು ‘ರಕ್ಷಿತ ಗೇಣಿದಾರರು’ ಅಂತ ಗುರುತಿಸಿತು. ನಿಮ್ಮ ಅಜ್ಜ ಯಾರ ಹೊಲ ಉಳುತ್ತಿದ್ದ, ಆ ಹೊಲ ಆಮೇಲೆ ಯಾರ ಹೆಸರಿಗೆ ಹೋಯಿತು ಅನ್ನೋದಕ್ಕೆ ಸುಳಿವು ಸಿಗೋದು ಆ ಕಾಲದ ರಿಜಿಸ್ಟರುಗಳಲ್ಲೇ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಎಕರೆಯ ಬೆಲೆ ಎಲ್ಲಿಗೆ ಹೋಗಿದೆ ಅಂತ ಹೇಳಬೇಕಿಲ್ಲ. ಕಾಗದ ಓದಲು ಬಾರದವರು ಅಲ್ಲಿ ಯಾವತ್ತೂ ಸೋತವರೇ. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳಿಗೂ ಅಷ್ಟೇ. ಪೌರತ್ವದ ಮಾತು ಎದ್ದಾಗಲೆಲ್ಲ ‘ಯಾವಾಗ ಬಂದಿರಿ?’ ಅನ್ನೋ ಪ್ರಶ್ನೆಗೆ ಪುನರ್ವಸತಿ ಕಡತವೇ ಆಸರೆ.

ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಹೆಸರಿನಲ್ಲಿ ರೆಕಾರ್ಡ್ ರೂಮುಗಳ ಸ್ಕ್ಯಾನಿಂಗ್ ಶುರು ಮಾಡಿತು. ಒಳ್ಳೆಯ ಕೆಲಸ. ಕಡತ ಕಳೆಯುವುದು, ಹಾಳೆ ಬದಲಾಗುವುದು ಇದರಿಂದ ಕಮ್ಮಿಯಾಗುತ್ತದೆ. ಆದರೆ ಉರ್ದು ಕೈಬರಹದ ಪುಟ ಸ್ಕ್ಯಾನ್ ಆದ ಮಾತ್ರಕ್ಕೆ ಕನ್ನಡ ಓದುವ ರೈತನಿಗೆ ಅರ್ಥವಾಗಲ್ಲ. ಆಗ ಹೊಸ ಬಗೆಯ ದಲ್ಲಾಳಿ ಹುಟ್ಟಿಕೊಳ್ಳುತ್ತಾನೆ, ಅಷ್ಟೇ. ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಆ ಶಾಸನ ಪತ್ತೆ ಮಾಡಿದಾಗ ಅದರಲ್ಲಿ ಅಶೋಕನ ಹೆಸರಿದೆ ಅಂತ ತಿಳಿದದ್ದು, ಬ್ರಾಹ್ಮಿ ಓದಬಲ್ಲವರು ಇದ್ದದ್ದರಿಂದ.

ಹಾಗಾದರೆ ಕೇಳಬೇಕಾದದ್ದೇನು? ಒಂದು, ತೆಲಂಗಾಣದ ಜೊತೆ ಒಪ್ಪಂದ ಮಾಡಿಕೊಂಡು ರಾಯಚೂರು ಸೀಮೆಯ ದಾಖಲೆಗಳ ಡಿಜಿಟಲ್ ಪ್ರತಿ ತರಬೇಕು. ಎರಡು, ಊರುವಾರು ಸೂಚಿ ಕನ್ನಡದಲ್ಲಿ ಸಿದ್ಧವಾಗಿ ಎಲ್ಲರಿಗೂ ಪುಕ್ಕಟೆ ಸಿಗಬೇಕು. ಮೂರು, ರಾಯಚೂರಿನ ವಿಶ್ವವಿದ್ಯಾಲಯದಲ್ಲಿ ಹಳೇ ಉರ್ದು, ಫಾರ್ಸಿ, ಮೋಡಿ ಓದುವ ತರಬೇತಿ ಆರಂಭಿಸಿ, ಈ ಮೂರು ತಾಲೂಕಿನ ಹುಡುಗ-ಹುಡುಗಿಯರಿಗೆ ಶಿಷ್ಯವೇತನ ಕೊಟ್ಟು ಕೂರಿಸಬೇಕು. ದುಡ್ಡಿಲ್ಲ ಅನ್ನೋ ಹಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲೇ 5,000 ಕೋಟಿ ಘೋಷಣೆಯಾಗಿತ್ತು. ಸಿಸಿ ರಸ್ತೆ, ಸಮುದಾಯ ಭವನದ ಪಟ್ಟಿಯಲ್ಲಿ ಇದೂ ಒಂದು ಸಾಲು ಸೇರಲಿ. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ಇದನ್ನೂ ಕೇಳಿ.