ಚಿತ್ರಾ ನಕ್ಷತ್ರ ಒಂಟಿಯಾಗುತ್ತಿದೆ

ಚೈತ್ರ ಮಾಸಕ್ಕೆ ಹೆಸರು ಕೊಟ್ಟದ್ದು ಚಿತ್ರಾ ನಕ್ಷತ್ರ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಿಡಿದು, ಕಿತ್ತಳೆ ಬಣ್ಣದ ಸ್ವಾತಿಯನ್ನು ದಾಟಿ ಮುಂದೆ ನೋಡಿದರೆ, ನೀಲಿ ಬೆರೆತ ಬಿಳುಪಿನ ಈ ತಾರೆ ಕಾಣುತ್ತದೆ. ಸುಮಾರು 250 ಜ್ಯೋತಿರ್ವರ್ಷ ದೂರದ ಅದರ ಬೆಳಕು ಬೆಂಗಳೂರಿನ ಆಕಾಶದಲ್ಲಿ ಇನ್ನೂ ಉಳಿದಿದೆ. ಆದರೆ ಅದರ ಸುತ್ತಲಿನ ಕನ್ಯಾ ರಾಶಿಯ ಮಂದ ತಾರೆಗಳು ನಗರದ ಪ್ರಭೆಯಲ್ಲಿ ಅಳಿಸಿಹೋಗಿವೆ.

ಇದು ಕೇವಲ ಆಕಾಶ ವೀಕ್ಷಕರ ಕೊರಗಲ್ಲ. ಮುಖ್ಯವಾಗಿ ಯುರೋಪ್ ಮತ್ತು ಉತ್ತರ ಅಮೆರಿಕದ ನಾಗರಿಕರ ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ 'ಸೈನ್ಸ್' ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾತ್ರಿಯಾಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರಿದೆ. ಈ ವೇಗದಲ್ಲಿ ಎಂಟು ವರ್ಷ ತುಂಬುವ ಮೊದಲೇ ಅದು ಇಮ್ಮಡಿಯಾಗುತ್ತದೆ.

ಕಾರಣ ಸ್ಪಷ್ಟ. ಸೋಡಿಯಂ ದೀಪಗಳ ಜಾಗಕ್ಕೆ ಬಂದ ಬಿಳಿ ಎಲ್‌ಇಡಿಗಳಲ್ಲಿ ನೀಲಿ ಅಂಶ ಹೆಚ್ಚು. ವಾತಾವರಣದಲ್ಲಿ ಅತಿಯಾಗಿ ಚದುರುವುದೂ ಅದೇ. ವಿದ್ಯುತ್ ಉಳಿತಾಯ ನಿಜವಾದ ಲಾಭ. ಆದರೆ ಉಳಿದ ಹಣದಲ್ಲಿ ಇನ್ನಷ್ಟು ದೀಪ ಹಚ್ಚಿದರೆ ಆ ಲಾಭವೂ ಕರಗುತ್ತದೆ.

ಹಾನಿ ನೆಲದ ಮೇಲೂ ಇದೆ. ಹೊನ್ನಾವರದ ಕಡಲತೀರದಲ್ಲಿ ಮೊಟ್ಟೆಯೊಡೆದು ಬರುವ ಆಲಿವ್ ರಿಡ್ಲೆ ಆಮೆಮರಿಗಳು ಸಮುದ್ರದ ಕಡೆಯ ತಿಳಿಬೆಳಕನ್ನು ನಂಬಿ ನೀರಿಗಿಳಿಯುತ್ತವೆ. ದಡದ ಪ್ರಖರ ದೀಪಗಳು ಅವುಗಳ ದಾರಿ ತಪ್ಪಿಸಬಲ್ಲವು.

ರಸ್ತೆಯಲ್ಲಿ ಬೆಳಕು ಬೇಕು. ಮಹಿಳೆಯರ ನಿರ್ಭೀತ ಸಂಚಾರಕ್ಕೆ ಅದು ಅನಿವಾರ್ಯ. ಆದರೆ ಅದು ರಸ್ತೆಗೆ ಬೀಳಬೇಕೇ ಹೊರತು ಮುಗಿಲಿಗಲ್ಲ.

ಪರಿಹಾರ ನಮಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖ್‌ನ ಹಾನ್ಲೆ ಪ್ರದೇಶವನ್ನು 2022ರಲ್ಲಿ ಕಗ್ಗತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಕಾಪಾಡುವುದನ್ನು ಇಲ್ಲಿ ಕಡೆಗಣಿಸುವುದು ಸಲ್ಲದು.

ಬೆಳಕಿನ ಮಾಲಿನ್ಯದ ವಿರುದ್ಧ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ರಾಜ್ಯ ಸರ್ಕಾರ ಅದಕ್ಕಾಗಿ ಕಾಯಬೇಕಿಲ್ಲ. ಬೀದಿದೀಪಗಳ ಟೆಂಡರ್‌ನಲ್ಲೇ ಮೇಲ್ಮರೆಯನ್ನೂ ಹಳದಿ ಛಾಯೆಯ ಬೆಳಕನ್ನೂ ಕಡ್ಡಾಯಗೊಳಿಸಬೇಕು. ಜಾಹೀರಾತು ಫಲಕಗಳ ದೀಪಗಳಿಗೆ ಸ್ಥಳೀಯ ಸಂಸ್ಥೆಗಳು ರಾತ್ರಿಯ ಗಡುವು ವಿಧಿಸಬೇಕು. ನಾಗರಿಕರು ತಮ್ಮ ಮನೆಯಂಗಳದ, ವಸತಿ ಸಮುಚ್ಚಯದ ಅನಗತ್ಯ ದೀಪಗಳನ್ನು ಆರಿಸಬೇಕು. ಹಾಳಾದ ನದಿ, ಕೆರೆಗಳ ಶುದ್ಧೀಕರಣಕ್ಕೆ ದಶಕಗಳು ಬೇಕು. ಈ ಮಾಲಿನ್ಯ ದೀಪ ಆರಿಸಿದ ಕ್ಷಣವೇ ತೊಲಗುತ್ತದೆ. ಇಷ್ಟು ಸುಲಭವಾದ ಕೆಲಸವನ್ನೂ ಮಾಡದಿದ್ದರೆ ಮುಂದಿನ ಪೀಳಿಗೆಗೆ ನಾವು ಕೊಡಬಹುದಾದ ಸಮಜಾಯಿಷಿ ಯಾವುದೂ ಇಲ್ಲ.